ಕಿತ್ತಳೆ ದೀಪ ಹತ್ತಿದ ದಿನವೇ: ಚಾಸಿ ಸ್ವಿಚ್‌ಗಳ ಅಲಾರಂ ಮತ್ತು ರಿಡಂಡೆನ್ಸಿ ನೋಡಿಕೊಳ್ಳುವ ಬಗೆ

ಚಾಸಿ ಸ್ವಿಚ್ಚು ಅಂದರೆ ಬೇಕಾದ ಕಾರ್ಡುಗಳನ್ನು ಸ್ಲಾಟಿಗೆ ಹಾಕಿಕೊಳ್ಳುವ ದೊಡ್ಡ ನೆಟ್‌ವರ್ಕ್ ಸ್ವಿಚ್ಚು. ಒಂದು ಕೆಟ್ಟರೆ ಇನ್ನೊಂದು ನಡೆಸಲಿ ಎಂದು ಮುಖ್ಯ ಭಾಗಗಳನ್ನು ಜೋಡಿಯಾಗಿ ಇಡುವುದೇ ರಿಡಂಡೆನ್ಸಿ. ಇಂಥ ಸ್ವಿಚ್ಚಿನ ಎರಡು ಪವರ್ ಸಪ್ಲೈಗಳಲ್ಲಿ ಒಂದು ಕೆಟ್ಟರೆ ನೆಟ್‌ವರ್ಕಿಗೆ ಏನೂ ಆಗುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ. ಏನೂ ಆಗಲಿಲ್ಲವಲ್ಲ, ಹಾಗಾಗಿ ಯಾರೂ ರ‍್ಯಾಕ್ ಹತ್ತಿರ ಹೋಗುವುದಿಲ್ಲ. ಮುಂಭಾಗದ ದೀಪ ಹಸಿರಿನಿಂದ ಕಿತ್ತಳೆಗೆ ತಿರುಗಿ ಮೂರು ತಿಂಗಳಾಗಿರುತ್ತದೆ. ಏಪ್ರಿಲ್‌ನ ಒಂದು ಮಧ್ಯಾಹ್ನ ಉಳಿದ ಸಪ್ಲೈಯೂ ಕೈಕೊಟ್ಟಾಗ "ಎರಡಿತ್ತಲ್ಲ ಸಾರ್, ಹೆಂಗೆ ಆಫ್ ಆಯ್ತು?" ಎಂಬ ಪ್ರಶ್ನೆ ಬರುತ್ತದೆ. ಎರಡು ಇದ್ದದ್ದು ಜನವರಿಯವರೆಗೆ ಮಾತ್ರ.

ವಸಂತನರಸಾಪುರ, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳು, ತುಮಕೂರು–ಕೋಲಾರ–ಚಿಕ್ಕಬಳ್ಳಾಪುರದ ಕಾಲೇಜು ಕ್ಯಾಂಪಸ್‌ಗಳು, ಆಸ್ಪತ್ರೆಗಳು ಇಂಥ ಕಡೆ ಕೋರ್ ಸ್ವಿಚ್ (ಇಡೀ ನೆಟ್‌ವರ್ಕಿನ ನಡುವಿನ ಮುಖ್ಯ ಸ್ವಿಚ್ಚು) ನೋಡಿಕೊಳ್ಳುವವರಿಗಾಗಿ ಇದನ್ನು ಬರೆದಿದೆ. ಉದಾಹರಣೆಗಳು ಸಿಸ್ಕೋ ಕ್ಯಾಟಲಿಸ್ಟ್ 6500, 4500, 9400 ಹಾಗೂ ಜೂನಿಪರ್ ಇಎಕ್ಸ್ 9200 ಸಾಲಿನ ಪೆಟ್ಟಿಗೆಗಳದ್ದು. ಬೇರೆ ಕಂಪನಿಯದ್ದಾದರೆ ಕಮಾಂಡ್ ಬೇರೆ, ಲೆಕ್ಕ ಅದೇ.

ಯಾವುದು ಜೋಡಿ, ಯಾವುದು ಒಂಟಿ

ಮೊದಲು ಒಂದು ಹಾಳೆ ತೆಗೆದುಕೊಂಡು ಪೆಟ್ಟಿಗೆಯಲ್ಲಿ ಇರುವುದನ್ನೆಲ್ಲ ಬರೆಯಿರಿ. ಇಡೀ ಸ್ವಿಚ್ಚನ್ನು ನಡೆಸುವ ಸೂಪರ್‌ವೈಸರ್ ಕಾರ್ಡ್ ಎರಡು, ಪವರ್ ಸಪ್ಲೈ ಎರಡರಿಂದ ಎಂಟು, ಸರಿ. ಆದರೆ ಫ್ಯಾನ್ ಟ್ರೇ ಹಲವು ಮಾಡೆಲ್‌ಗಳಲ್ಲಿ ಒಂದೇ. ಟ್ರೇ ಒಳಗೆ ಫ್ಯಾನ್‌ಗಳು ಹಲವು ಇರುವುದರಿಂದ ಒಂದು ನಿಂತರೆ ಉಳಿದವು ವೇಗ ಹೆಚ್ಚಿಸಿಕೊಂಡು ನಿಭಾಯಿಸುತ್ತವೆ. ಟ್ರೇಯನ್ನೇ ಎಳೆದರೆ ಮಾತ್ರ ಗಾಳಿ ಪೂರ್ತಿ ನಿಲ್ಲುತ್ತದೆ. ಕಾರ್ಡುಗಳನ್ನು ಜೋಡಿಸುವ ಬ್ಯಾಕ್‌ಪ್ಲೇನ್ ಯಾವತ್ತೂ ಒಂದೇ. ಕೇಬಲ್ ಸಿಕ್ಕಿಸುವ ಪೋರ್ಟುಗಳಿರುವ ಲೈನ್ ಕಾರ್ಡಿಗೆ ಜೋಡಿಯಿಲ್ಲ: ಸರ್ವರ್‌ನ ಎರಡೂ ಕೇಬಲ್ ಒಂದೇ ಕಾರ್ಡಿಗೆ ಹೋಗಿದ್ದರೆ ಎರಡು ಕೇಬಲ್ ಎಳೆದದ್ದು ದಂಡ. ಒಂದನ್ನು ಸ್ಲಾಟ್ 1ಕ್ಕೆ, ಇನ್ನೊಂದನ್ನು ಸ್ಲಾಟ್ 2ಕ್ಕೆ ಹಾಕಿ.

ಅಪ್‌ಲಿಂಕ್ ಫೈಬರ್‌ಗಳನ್ನು ವಿಶೇಷವಾಗಿ ನೋಡಿ. ಸೂಪರ್‌ವೈಸರ್ ಕಾರ್ಡಿನ ಮೇಲೆಯೇ ಪೋರ್ಟ್ ಇದೆಯೆಂದು ಎರಡೂ ಅಪ್‌ಲಿಂಕನ್ನು ಅಲ್ಲಿಗೇ ಕೊಟ್ಟಿರುತ್ತಾರೆ. ಆ ಕಾರ್ಡ್ ಸತ್ತರೆ ಪಕ್ಕದ ಸೂಪರ್‌ವೈಸರ್ ಚೆನ್ನಾಗಿಯೇ ಕೆಲಸ ವಹಿಸಿಕೊಳ್ಳುತ್ತದೆ, ಹೊರಗೆ ಹೋಗುವ ದಾರಿ ಮಾತ್ರ ಇರುವುದಿಲ್ಲ.

ಕರೆಂಟಿನ ಲೆಕ್ಕ

ಹೆಚ್ಚು ಎಡವಟ್ಟಾಗುವುದು ಇಲ್ಲಿ. ಒಂದು ಉದಾಹರಣೆ ಹಿಡಿಯೋಣ. ಪೆಟ್ಟಿಗೆಯಲ್ಲಿ 3200 ವ್ಯಾಟ್‌ನ ನಾಲ್ಕು ಸಪ್ಲೈ ಇವೆ. ಸೂಪರ್‌ವೈಸರ್, ಫ್ಯಾನ್, ಕಾರ್ಡುಗಳ ಸ್ವಂತ ಬಳಕೆ ಎಲ್ಲ ಸೇರಿ 1500 ವ್ಯಾಟ್ ಎನ್ನೋಣ. ಅದಕ್ಕೆ 48 ಪೋರ್ಟಿನ ಮೂರು ಪಿಓಇ+ ಕಾರ್ಡು (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕ್ಯಾಮೆರಾ, ಫೋನಿಗೆ ಕರೆಂಟು ಕೊಡುವಂಥವು). ಪೋರ್ಟಿಗೆ 30 ವ್ಯಾಟ್‌ನಂತೆ ಒಂದು ಕಾರ್ಡಿಗೆ 1440, ಮೂರಕ್ಕೆ 4320. ಒಟ್ಟು 5820 ವ್ಯಾಟ್.

ಇದನ್ನು ಮೂರು ರೀತಿಯಲ್ಲಿ ನಡೆಸಬಹುದು. ಕಂಬೈನ್ಡ್ ಮೋಡ್‌ನಲ್ಲಿ ನಾಲ್ಕೂ ಸೇರಿ 12800 ವ್ಯಾಟ್ ಸಿಗುತ್ತದೆ, ಮೀಸಲು ಅಂತ ಏನನ್ನೂ ಇಡುವುದಿಲ್ಲ. ಎನ್+1 ಮೋಡ್‌ನಲ್ಲಿ ಒಂದನ್ನು ಮೀಸಲಿಟ್ಟು 9600 ಲೆಕ್ಕಕ್ಕೆ ಬರುತ್ತದೆ. ಎನ್+ಎನ್ ಮೋಡ್‌ನಲ್ಲಿ ಎರಡು ಮೀಸಲು, ಉಳಿಯುವುದು 6400. ನಮ್ಮ 5820 ಮೂರರಲ್ಲೂ ಹಿಡಿಯುತ್ತದೆ. ಈಗ ಹೊಸ ಬ್ಲಾಕಿಗೆ ಕ್ಯಾಮೆರಾ, ವೈಫೈ ಬಂತು ಎಂದು ನಾಲ್ಕನೆಯ ಪಿಓಇ ಕಾರ್ಡ್ ಹಾಕಿದಿರಿ: 7260. ಎನ್+1 ಇನ್ನೂ ಒಪ್ಪುತ್ತದೆ, ಅಲಾರಂ ಬರುವುದಿಲ್ಲ. ಆದರೆ ನಾಲ್ಕು ಸಪ್ಲೈಗಳಲ್ಲಿ ಎರಡು ಎ ಯುಪಿಎಸ್‌ಗೆ, ಎರಡು ಬಿ ಯುಪಿಎಸ್‌ಗೆ ಸೇರಿವೆ. ಎ ಯುಪಿಎಸ್ ಹೋದರೆ ಒಂದಲ್ಲ, ಎರಡು ಸಪ್ಲೈ ಒಟ್ಟಿಗೆ ಹೋಗುತ್ತವೆ. ಉಳಿದ 6400ರಲ್ಲಿ 7260 ನಡೆಯದು, ಸ್ವಿಚ್ಚು ಆದ್ಯತೆ ಕಡಿಮೆಯಿರುವ ಕಾರ್ಡುಗಳಿಂದ ಶುರುಮಾಡಿ ಆಫ್ ಮಾಡುತ್ತದೆ. ಸಪ್ಲೈ ಕೆಡುವುದಕ್ಕಿಂತ ಯುಪಿಎಸ್, ಎಂಸಿಬಿ, ಪ್ಲಗ್ಗು ಕೈಕೊಡುವುದೇ ನಮ್ಮ ಕಡೆ ಹೆಚ್ಚು. ಹಾಗಾಗಿ ಎರಡು ಲೈನ್ ಇರುವ ಕಡೆ ಎನ್+ಎನ್ ಬಿಟ್ಟು ಬೇರೆ ಮೋಡ್ ಇಡಬೇಡಿ. 9400ರಲ್ಲಿ ಫ್ಯಾಕ್ಟರಿಯಿಂದ ಬರುವುದು ಕಂಬೈನ್ಡ್ ಮೋಡ್, ನೀವೇ ಬದಲಿಸಬೇಕು. ‘ಶೋ ಪವರ್’ ಹೊಡೆದರೆ ಈಗ ಯಾವ ಮೋಡ್ ಇದೆ, ಎಷ್ಟು ಬಳಕೆಯಾಗಿದೆ ಎಂದು ಕಾಣುತ್ತದೆ.

ಯಾವ ಸಪ್ಲೈ ಎ ಲೈನು, ಯಾವುದು ಬಿ ಲೈನು ಎಂಬುದು ಸ್ವಿಚ್ಚಿಗೆ ತಿಳಿಯದು. ಕೇಬಲ್ ಹಿಡಿದು ಸಾಕೆಟ್‌ವರೆಗೆ, ಸಾಕೆಟ್‌ನಿಂದ ಎಂಸಿಬಿವರೆಗೆ, ಅಲ್ಲಿಂದ ಯುಪಿಎಸ್‌ವರೆಗೆ ಕೈಯಲ್ಲಿ ಸವರಿಕೊಂಡೇ ಹೋಗಿ ನೋಡಬೇಕು. ಕೆಂಪು ಟೇಪು ಎ, ನೀಲಿ ಟೇಪು ಬಿ ಎಂದು ಎರಡೂ ತುದಿಗೆ ಸುತ್ತಿಬಿಡಿ.

ಇನ್ನು ಯುಪಿಎಸ್ ಕಡೆಯ ಲೆಕ್ಕ. ಸಪ್ಲೈಯ ದಕ್ಷತೆ ಸುಮಾರು ಶೇ 90 ಎಂದಿಟ್ಟರೆ 5820 ವ್ಯಾಟ್ ಕೊಡಲು ಗೋಡೆಯಿಂದ ಸುಮಾರು 6470 ವ್ಯಾಟ್ ಎಳೆಯುತ್ತದೆ. 10 ಕೆವಿಎ, 0.8 ಪವರ್ ಫ್ಯಾಕ್ಟರಿನ ಯುಪಿಎಸ್ ಅಂದರೆ 8 ಕಿಲೋವ್ಯಾಟ್. ಎರಡೂ ಯುಪಿಎಸ್ ಹಂಚಿಕೊಂಡು ನಡೆವಾಗ ಪ್ರತಿಯೊಂದರ ಡಿಸ್‌ಪ್ಲೇ ಶೇ 40 ತೋರಿಸುತ್ತದೆ. ಅದನ್ನು ನೋಡಿ ಯಾರೋ ಪುಣ್ಯಾತ್ಮರು "ಇನ್ನೂ ಬೇಕಾದಷ್ಟು ಜಾಗ ಇದೆ" ಎಂದು ಸಿಸಿಟಿವಿ ರೆಕಾರ್ಡರು, ಎರಡು ಸರ್ವರು ತಂದು ಸಿಕ್ಕಿಸುತ್ತಾರೆ. ಎ ಹೋದ ಗಳಿಗೆಯಲ್ಲಿ ಬಿ ಒಮ್ಮೆಗೇ ಶೇ 81ಕ್ಕೆ ಏರಬೇಕು. ಮೇಲೆ ಸಿಕ್ಕಿಸಿದ 2 ಕಿಲೋವ್ಯಾಟ್ ಸೇರಿ ಅದು ಓವರ್‌ಲೋಡ್ ಆಗಿ ಟ್ರಿಪ್ ಆಗುತ್ತದೆ. ಆದ್ದರಿಂದ ಎರಡು ಯುಪಿಎಸ್ ಇರುವ ಕಡೆ ಪ್ರತಿಯೊಂದರ ಮೇಲೂ ಶೇ 40 ದಾಟಿಸುವುದಿಲ್ಲ ಎಂದು ಬರೆದು ಯುಪಿಎಸ್ ಮೈಮೇಲೇ ಅಂಟಿಸಿ.

ಒಂದು ಲೈನಿನ ಮೇಲೆ ಪೂರ್ತಿ ಭಾರ ಬಿದ್ದಾಗ ಪ್ರತಿ ಕೇಬಲ್‌ನಲ್ಲಿ ಸುಮಾರು 14 ಆಂಪ್ ಹರಿಯುತ್ತದೆ. 6 ಆಂಪ್‌ನ ಎಕ್ಸ್‌ಟೆನ್ಷನ್ ಬೋರ್ಡಿನ ಮಾತೇ ಬೇಡ. ಸಪ್ಲೈಗೊಂದರಂತೆ ಪ್ರತ್ಯೇಕ 20 ಆಂಪ್‌ನ ಸಿ-ಕರ್ವ್ ಎಂಸಿಬಿ, 4 ಚದರ ಮಿ.ಮೀ. ತಾಮ್ರದ ವೈರು, ಸಾಧ್ಯವಿದ್ದರೆ ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ಟು ಹಾಕಿಸಿ. ಸಾಮಾನ್ಯ 16 ಆಂಪ್ ಸಾಕೆಟ್ಟಿನ ಪಿನ್ನು ಸಡಿಲವಾದರೆ ಬಿಸಿಯಾಗಿ ಪ್ಲಗ್ಗೇ ಕಂದುತ್ತದೆ. ಪ್ಲಗ್ ಸುತ್ತ ಕಂದು ಬಣ್ಣ ಕಂಡರೆ ಸಪ್ಲೈಯ ಮೇಲೆ ಅನುಮಾನ ಪಡುವ ಮೊದಲು ಅದನ್ನು ಬದಲಿಸಿ.

ಬೆಸ್ಕಾಂ ಲೈನಿನಲ್ಲಿ ಒಂದು ಫೇಸ್ ಮಾತ್ರ ಹೋಗುವುದು ಹೊಸತಲ್ಲ. ಸಿಂಗಲ್ ಫೇಸ್ ಯುಪಿಎಸ್‌ಗಳಾದರೆ ಎ ಮತ್ತು ಬಿ ಬೇರೆ ಬೇರೆ ಫೇಸ್‌ನಿಂದ ಬರಲಿ. ಯುಪಿಎಸ್ ಬೈಪಾಸ್‌ಗೆ ಹೋದಾಗ ಹೊರಗಿನ ವೋಲ್ಟೇಜ್ ನೇರ ಸ್ವಿಚ್ಚಿಗೆ ಬರುತ್ತದೆ ಎಂಬುದೂ ನೆನಪಿರಲಿ. ಬೋರ್‌ವೆಲ್ ಮೋಟರುಗಳೆಲ್ಲ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಇಳಿದರೆ ಸಪ್ಲೈ ತಾನಾಗಿ ಆಫ್ ಆಗಿ, ಏರಿದಾಗ ಆನ್ ಆಗಿ ಆಟ ಆಡುತ್ತಿರುತ್ತದೆ. ಇಂಥ ಅಲಾರಂ ಬಂದು ಹೋಗುತ್ತಿದ್ದರೆ ಸಪ್ಲೈ ಬದಲಿಸಿ ಪ್ರಯೋಜನವಿಲ್ಲ.

ಅರ್ತಿಂಗ್ ಕೂಡ ಇದೇ ಸಾಲಿಗೆ ಸೇರಿದ್ದು. ಬೇಸಿಗೆಯಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕೆಮ್ಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ತ್ ಪಿಟ್ ಕೂಡ ಒಣಗಿರುತ್ತದೆ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್–ಅರ್ತ್ ನಡುವೆ ಅಳೆಯಿರಿ. 2 ವೋಲ್ಟ್ ಒಳಗಿದ್ದರೆ ಒಳ್ಳೆಯದು. 5 ದಾಟಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ವಾರಕ್ಕೆರಡು ಬಾರಿ ಪಿಟ್‌ಗೆ ನೀರು ಹಾಕುವ ಕೆಲಸವನ್ನು ತೋಟದ ಮಾಲಿಗೆ ವಹಿಸಿದರೆ ತಪ್ಪದೆ ನಡೆಯುತ್ತದೆ, ಐಟಿಯವರಿಗೆ ವಹಿಸಿದರೆ ಇಲ್ಲ.

ಅಲಾರಂ ಓದುವುದು

ಸಿಸ್ಕೋ ಪೆಟ್ಟಿಗೆಗಳಲ್ಲಿ ಹಸಿರು ಅಂದರೆ ಸರಿ, ಕಿತ್ತಳೆ ಅಂದರೆ ಮೈನರ್, ಕೆಂಪು ಅಂದರೆ ಮೇಜರ್. ಜೂನಿಪರ್‌ನಲ್ಲಿ ಹಳದಿ, ಕೆಂಪು. ದೀಪ ಕಂಡ ಮೇಲೆ ಯಾವುದನ್ನೂ ಮುಟ್ಟಬೇಡಿ. ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ, ಆಮೇಲೆ ಸಿಸ್ಕೋ ಆದರೆ ‘ಶೋ ಎನ್ವಿರಾನ್‌ಮೆಂಟ್’, ‘ಶೋ ಮಾಡ್ಯೂಲ್’, ‘ಶೋ ಲಾಗಿಂಗ್’, ಜೂನಿಪರ್ ಆದರೆ ‘ಶೋ ಚಾಸಿ ಅಲಾರ್ಮ್ಸ್’, ‘ಶೋ ಸಿಸ್ಟಮ್ ಅಲಾರ್ಮ್ಸ್’, ‘ಶೋ ಚಾಸಿ ಎನ್ವಿರಾನ್‌ಮೆಂಟ್’ ಔಟ್‌ಪುಟ್ ಫೈಲಿಗೆ ಉಳಿಸಿ. ರೀಬೂಟ್ ಮಾಡಿದರೆ ಈ ಸಾಕ್ಷಿ ಅಳಿಸಿಹೋಗುತ್ತದೆ.

ಪವರ್ ಸಪ್ಲೈ ಅಲಾರಂ ಆದರೆ ಸಪ್ಲೈಯ ಮೇಲಿರುವ ಇನ್‌ಪುಟ್, ಫೇಲ್ ದೀಪಗಳನ್ನು ನೋಡಿ. ಇನ್‌ಪುಟ್ ದೀಪವೇ ಹತ್ತಿಲ್ಲ ಅಂದರೆ ತಪ್ಪು ಹೊರಗಿದೆ: ಕೇಬಲ್, ಸಾಕೆಟ್, ಎಂಸಿಬಿ, ಯುಪಿಎಸ್. ಇನ್‌ಪುಟ್ ಹಸಿರಿದ್ದು ಫೇಲ್ ದೀಪ ಕೆಂಪಾಗಿದ್ದರೆ ಸಪ್ಲೈ ಹೋಗಿದೆ. ಅನುಮಾನವಿದ್ದರೆ ಕೆಟ್ಟಿದೆ ಎನ್ನುವ ಸಪ್ಲೈಗೆ ಹೊಸ ಕೇಬಲ್ಲು ಹಾಕಿ, ಖಾಲಿಯಿರುವ ಬೇರೆ ಸಾಕೆಟ್ಟಿನಿಂದ ಕೊಟ್ಟು ನೋಡಿ. ನಡೆಯುತ್ತಿರುವ ಸಪ್ಲೈಯ ಕೇಬಲ್ಲನ್ನು ಕಿತ್ತು ಇದಕ್ಕೆ ಹಾಕಿ ನೋಡಬೇಡಿ. ಪರೀಕ್ಷೆ ಮಾಡಲು ಹೋಗಿ ಪೆಟ್ಟಿಗೆಯನ್ನೇ ಆಫ್ ಮಾಡುವ ಸುಲಭ ದಾರಿ ಅದು. ಸಪ್ಲೈ ಹೊರತೆಗೆದ ಜಾಗ ಖಾಲಿ ಬಿಡಬಾರದು. ಹೊಸದು ಬರುವವರೆಗೆ ಮುಚ್ಚಳ ಹಾಕಿ, ಇಲ್ಲವೇ ಕೆಟ್ಟದ್ದನ್ನೇ ಒಳಗೆ ಬಿಡಿ. ತೂತಿದ್ದರೆ ತಂಪು ಗಾಳಿ ಕಾರ್ಡುಗಳ ಮೇಲೆ ಹಾಯದೆ ಅಲ್ಲಿಂದಲೇ ಸೋರಿಹೋಗುತ್ತದೆ.

ಜೂನಿಪರ್‌ನಲ್ಲಿ ಎರಡು ಅಲಾರಂಗಳು ಹೊಸ ಪೆಟ್ಟಿಗೆ ಏರಿಸಿದ ದಿನದಿಂದಲೇ ಕೂತಿರುತ್ತವೆ. ಒಂದು, ಮ್ಯಾನೇಜ್‌ಮೆಂಟ್ ಪೋರ್ಟಿನಲ್ಲಿ ಕೇಬಲ್ ಇಲ್ಲ ಎಂಬುದು. ಇನ್ನೊಂದು, ಎಡವಟ್ಟಾದಾಗ ವಾಪಸ್ ಹೋಗಲು ಇಡುವ ರೆಸ್ಕ್ಯೂ ಕಾನ್ಫಿಗರೇಶನ್ ಉಳಿಸಿಲ್ಲ ಎಂಬುದು. ಎರಡೂ ತುರ್ತಿನವಲ್ಲ, ಆದರೆ ಇವುಗಳಿಂದ ದೀಪ ಸದಾ ಹತ್ತಿರುತ್ತದೆ, ನಿಜವಾದ ಅಲಾರಂ ಬಂದಾಗ ಬಣ್ಣ ಬದಲಾಗದೆ ಹೋಗಬಹುದು. ಮೊದಲನೆಯದಕ್ಕೆ ಕೇಬಲ್ ಹಾಕಿ, ಬೇಡವೆಂದರೆ ಆ ಲಿಂಕ್‌ಡೌನ್ ಅಲಾರಂ ಅನ್ನು ಇಗ್ನೋರ್ ಎಂದು ಕಾನ್ಫಿಗರ್ ಮಾಡಿ. ಎರಡನೆಯದಕ್ಕೆ ‘ರಿಕ್ವೆಸ್ಟ್ ಸಿಸ್ಟಮ್ ಕಾನ್ಫಿಗರೇಶನ್ ರೆಸ್ಕ್ಯೂ ಸೇವ್’ ಸಾಕು.

ಬಿಸಿ ಮತ್ತು ದೂಳು

ಕ್ಯಾಟಲಿಸ್ಟ್ 6500ರಲ್ಲಿ ಸೂಪರ್‌ವೈಸರ್‌ನ ಉಷ್ಣತೆ ಮೇಜರ್ ಮಿತಿ ದಾಟಿದರೆ ಸ್ವಿಚ್ಚು ಕೆಲಸವನ್ನು ಎರಡನೆಯ ಸೂಪರ್‌ವೈಸರಿಗೆ ದಾಟಿಸುತ್ತದೆ. ಎರಡನೆಯದು ಇಲ್ಲದಿದ್ದರೆ, ಬಿಸಿ ಇಳಿಯದಿದ್ದರೆ, 5 ನಿಮಿಷದಲ್ಲಿ ಇಡೀ ಪೆಟ್ಟಿಗೆ ಆಫ್. ಆ ಐದು ನಿಮಿಷದಲ್ಲಿ ಬಾಗಿಲು ತೆಗೆದು ಪೆಡೆಸ್ಟಲ್ ಫ್ಯಾನ್ ಇಡುವಷ್ಟು ಮಾತ್ರ ಆಗುತ್ತದೆ.

ನಮ್ಮಲ್ಲಿ ಬಿಸಿ ಏರುವ ಬಗೆ ಹೆಚ್ಚುಕಡಿಮೆ ಒಂದೇ. ಕರೆಂಟು ಹೋಗುತ್ತದೆ, ಸ್ವಿಚ್ಚು ಯುಪಿಎಸ್ ಮೇಲೆ ನಡೆಯುತ್ತಲೇ ಇರುತ್ತದೆ, ಎಸಿ ಮಾತ್ರ ನಿಲ್ಲುತ್ತದೆ. ಜನರೇಟರ್ ಬಂದರೂ ಎಸಿಯ ಸ್ಟೆಬಿಲೈಸರ್ ಮತ್ತೆ ಆನ್ ಆಗಿರುವುದಿಲ್ಲ, ಅಥವಾ ಎಸಿ ತಾನಾಗಿ ಶುರುವಾಗುವ ಆಟೋ ರೀಸ್ಟಾರ್ಟ್ ಇರುವುದಿಲ್ಲ. ಆರು ಕಿಲೋವ್ಯಾಟ್ ಹೊರಹಾಕುವ ಸಣ್ಣ ಕೋಣೆ ಒಲೆಯಂತಾಗಲು ಹೆಚ್ಚು ಹೊತ್ತು ಬೇಡ. ಸ್ವಿಚ್ಚಿಗೆ ಗಾಳಿ ಒಳಹೋಗುವ ಜಾಗದಲ್ಲಿ 18ರಿಂದ 27 ಡಿಗ್ರಿ ಇರಬೇಕು. 30ಕ್ಕೇ ಎಚ್ಚರಿಸುವಂತೆ ಕೋಣೆಯಲ್ಲಿ ಬೇರೆ ಸೆನ್ಸರ್ ಇಡಿ. ಸ್ವಿಚ್ಚಿನ ಸ್ವಂತ ಅಲಾರಂ ಬರುವಷ್ಟರಲ್ಲಿ ತಡವಾಗಿರುತ್ತದೆ.

6500, 9400 ಎರಡರಲ್ಲೂ ಗಾಳಿ ಹಾಯುವುದು ಪಕ್ಕದಿಂದ ಪಕ್ಕಕ್ಕೆ, ಮುಂದಿನಿಂದ ಹಿಂದಕ್ಕಲ್ಲ. ರ‍್ಯಾಕನ್ನು ಗೋಡೆಗೆ ಒತ್ತರಿಸಿ ಇಡಬೇಡಿ. ಗೋಡೆಗೂ ಗಾಳಿ ಕಿಂಡಿಗೂ ಕನಿಷ್ಠ 15 ಸೆಂ.ಮೀ., ಪಕ್ಕಪಕ್ಕದ ಎರಡು ಚಾಸಿಗಳ ನಡುವೆ 30 ಸೆಂ.ಮೀ. ಬೇಕು. ಕಡಿಮೆಯಾದರೆ ಒಂದರ ಬಿಸಿ ಉಸಿರನ್ನು ಇನ್ನೊಂದು ಎಳೆದುಕೊಳ್ಳುತ್ತದೆ.

ದೂಳಿನ ವಿಷಯಕ್ಕೆ ಬಂದರೆ, ಕ್ರಷರ್ ಇರುವ ಕಡೆಯ ಬಿಳಿ ಪುಡಿ ಮತ್ತು ರಸ್ತೆಯ ಕೆಂಪು ದೂಳು ಎರಡೂ ಫಿಲ್ಟರಿಗೆ ಅಂಟಿ ಗಟ್ಟಿ ಪದರವಾಗುತ್ತವೆ. ಹಸ್ತವನ್ನು ಗಾಳಿ ಹೊರಬರುವ ಕಡೆ ಹಿಡಿಯಿರಿ. ಫ್ಯಾನ್ ಸದ್ದು ಜೋರಾಗಿದ್ದು ಕೈಗೆ ಗಾಳಿ ಕಡಿಮೆ ತಾಗಿದರೆ ದಾರಿ ಕಟ್ಟಿದೆ ಎಂದರ್ಥ. ವ್ಯಾಕ್ಯೂಮಿನಿಂದ ಎಳೆಯಿರಿ, ಬ್ಲೋವರ್‌ನಿಂದ ಊದಬೇಡಿ, ಊದಿದ್ದು ಕಾರ್ಡಿನ ಕನೆಕ್ಟರ್‌ಗೆ ಹೋಗುತ್ತದೆ. ಫ್ಯಾನ್ ಟ್ರೇ ಬದಲಿಸಬೇಕಾದಾಗ ಹೊಸದನ್ನು ಡಬ್ಬದಿಂದ ತೆಗೆದು ಕೈಯಲ್ಲಿ ಹಿಡಿದ ಮೇಲೆಯೇ ಹಳೆಯದನ್ನು ಎಳೆಯಿರಿ. ಟ್ರೇ ಇಲ್ಲದೆ ಎಷ್ಟು ನಿಮಿಷ ನಡೆಯಬಹುದು ಎಂಬುದು ಮಾಡೆಲ್‌ನ ಕೈಪಿಡಿಯಲ್ಲಿರುತ್ತದೆ. ಅದು ಟೀ ಕುಡಿದು ಬರುವಷ್ಟು ಸಮಯವಲ್ಲ.

ಅಲಾರಂ ನಿಮ್ಮ ತನಕ ಬರಬೇಕು

ದೀಪ ಹತ್ತುವುದು ಬೀಗ ಹಾಕಿದ ಕೋಣೆಯಲ್ಲಿ. ಸ್ವಿಚ್ಚು ತಾನಾಗಿ ಮಾನಿಟರಿಂಗ್ ಸರ್ವರಿಗೆ ಕಳಿಸುವ ಎಚ್ಚರಿಕೆಗಳಾದ ಎಸ್‌ಎನ್‌ಎಂಪಿ ಟ್ರ್ಯಾಪ್‌ಗಳಲ್ಲಿ ಎನ್ವ್‌ಮಾನ್ (ಬಿಸಿ, ಫ್ಯಾನ್, ಪವರ್) ಮತ್ತು ಎಫ್‌ಆರ್‌ಯು (ಕಳಚಿ ಬದಲಿಸುವ ಭಾಗಗಳು) ನಿಯಂತ್ರಣದವು ಆನ್ ಇರಲಿ. ಟ್ರ್ಯಾಪ್ ಯುಡಿಪಿ 162ರಲ್ಲಿ ಹೋಗುತ್ತದೆ, ತಲುಪಿತೋ ಇಲ್ಲವೋ ಸ್ವಿಚ್ಚಿಗೆ ಗೊತ್ತಾಗುವುದಿಲ್ಲ. ಆದ್ದರಿಂದ 5 ನಿಮಿಷಕ್ಕೊಮ್ಮೆ ಮಾನಿಟರಿಂಗ್ ಸರ್ವರಿನಿಂದಲೇ ಕೇಳುವ ಪೋಲಿಂಗ್ ಕೂಡ ಇರಬೇಕು. ಸರ್ವರು ಓದುವ ಪಟ್ಟಿಯಾದ ಸಿಸ್ಕೋದ ಎನ್ವ್‌ಮಾನ್ ಮಿಬ್‌ನಲ್ಲಿ ಸ್ಥಿತಿ 1 ಅಂದರೆ ಸರಿ, 2 ಎಚ್ಚರಿಕೆ, 3 ಗಂಭೀರ, 4 ಶಟ್‌ಡೌನ್, 5 ಇಲ್ಲವೇ ಇಲ್ಲ, 6 ಕೆಲಸ ಮಾಡುತ್ತಿಲ್ಲ. 1 ಅಲ್ಲದ್ದೆಲ್ಲಕ್ಕೂ ಸಂದೇಶ ಬರಲಿ.

ಸ್ವಿಚ್ಚು ಲಾಗ್ ಸರ್ವರಿಗೆ ಕಳಿಸುವ ಸಂದೇಶಗಳಲ್ಲಿ, ಅಂದರೆ ಸಿಸ್‌ಲಾಗ್‌ನಲ್ಲಿ ಒಂದು ಬಲೆ ಇದೆ. ಅಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಸಂದೇಶ ಕಡಿಮೆ ಗಂಭೀರ. ಲಾಗ್ ತುಂಬುತ್ತದೆ ಎಂದು ಮಟ್ಟವನ್ನು 4ಕ್ಕೆ, ಅಂದರೆ ವಾರ್ನಿಂಗ್‌ಗೆ ಇಳಿಸಿರುತ್ತಾರೆ. ಆದರೆ ಕಾರ್ಡು ಹೊರಬಂತು ಎನ್ನುವ ಓಐಆರ್ ಸಂದೇಶ 6ನೇ ಮಟ್ಟದ್ದು. ಕಾರ್ಡ್ ಯಾರೋ ಎಳೆದರೂ ಲಾಗ್ ಸರ್ವರಿಗೆ ಸುದ್ದಿಯಿಲ್ಲ. ಕೋರ್ ಸ್ವಿಚ್ಚಿನಿಂದ 6ರವರೆಗೂ ಕಳಿಸಿ, ಬೇಡದ್ದನ್ನು ಸರ್ವರ್‌ನಲ್ಲಿ ಸೋಸಿ.

ಇನ್ನೊಂದು, ಮಾನಿಟರಿಂಗ್ ಸರ್ವರ್ ಇದೇ ಸ್ವಿಚ್ಚಿಗೆ ಸೇರಿದ್ದರೆ ಸತ್ತವನೇ ಬಂದು ಸಾವಿನ ಸುದ್ದಿ ಹೇಳಬೇಕಾಗುತ್ತದೆ. ಸಿಮ್ ಹಾಕಿದ ಜಿಎಸ್‌ಎಂ ಮೋಡೆಮ್ ಒಂದನ್ನು ಆ ಸರ್ವರಿಗೇ ಕೊಟ್ಟು, ಎಸ್ಸೆಮ್ಮೆಸ್ ನೇರ ಹೋಗುವಂತೆ ಮಾಡಿ. ಕೋಣೆಯೊಳಗೆ ಸಿಗ್ನಲ್ ಇದೆಯೇ ಎಂದು ಮೊದಲು ಫೋನಿನಲ್ಲಿ ನೋಡಿಕೊಳ್ಳಿ, ಕಬ್ಬಿಣದ ಶೆಡ್ ಒಳಗೆ ಇರುವುದಿಲ್ಲ.

ಎರಡನೆಯ ಸೂಪರ್‌ವೈಸರ್ ಎಚ್ಚರವಿದೆಯೇ

ಸ್ಲಾಟಿನಲ್ಲಿ ಕಾರ್ಡ್ ಇದ್ದು ದೀಪ ಹತ್ತಿದೆ ಎಂದರೆ ಅದು ಸಿದ್ಧವಿದೆ ಎಂದಲ್ಲ. ಸಿಸ್ಕೋದಲ್ಲಿ ‘ಶೋ ರಿಡಂಡೆನ್ಸಿ ಸ್ಟೇಟ್ಸ್’ ಹೊಡೆಯಿರಿ. ಮೈ ಸ್ಟೇಟ್ ಎದುರು 13 ಆಕ್ಟಿವ್, ಪೀರ್ ಸ್ಟೇಟ್ ಎದುರು 8 ಸ್ಟ್ಯಾಂಡ್‌ಬೈ ಹಾಟ್ ಎಂದಿರಬೇಕು. 4 ಸ್ಟ್ಯಾಂಡ್‌ಬೈ ಕೋಲ್ಡ್ ಎಂದು ಬಂದರೆ ಅದು ನಡೆಯುತ್ತಿದ್ದ ಸ್ಥಿತಿಯನ್ನು ಹಾಗೇ ವಹಿಸಿಕೊಳ್ಳುವ ಎಸ್‌ಎಸ್‌ಓ ಅಲ್ಲ, ಹೊಸದಾಗಿ ಶುರುಮಾಡುವ ಆರ್‌ಪಿಆರ್. ಹಾಟ್ ಇದ್ದಾಗ ಸೆಕೆಂಡುಗಳಲ್ಲಿ ಮುಗಿಯುವ ಬದಲಾವಣೆ ಕೋಲ್ಡ್ ಇದ್ದಾಗ ನಿಮಿಷಗಟ್ಟಲೆ ಹಿಡಿಯುತ್ತದೆ, ಲೈನ್ ಕಾರ್ಡುಗಳೆಲ್ಲ ಮತ್ತೆ ಶುರುವಾಗುತ್ತವೆ.

ಕೋಲ್ಡ್‌ಗೆ ಇಳಿಯಲು ಮುಖ್ಯ ಕಾರಣ ಸಾಫ್ಟ್‌ವೇರ್ ಆವೃತ್ತಿ ಬೇರೆಯಾಗಿರುವುದು. ಕಾರ್ಡ್ ಬದಲಾಗಿ ಬಂದಾಗ ಅದರಲ್ಲಿ ಬೇರೆ ಇಮೇಜ್ ಇರುತ್ತದೆ. ಎರಡೂ ಒಂದೇ ಮಾಡೆಲ್, ಒಂದೇ ಆವೃತ್ತಿ, ಒಂದೇ ಲೈಸೆನ್ಸ್ ಆಗಿರಬೇಕು. ಬೂಟ್ ವೇರಿಯೇಬಲ್ ಎರಡರಲ್ಲೂ ಒಂದೇ ಫೈಲನ್ನು ತೋರಿಸಬೇಕು, ಆ ಫೈಲು ಎರಡರ ಫ್ಲ್ಯಾಶ್‌ನಲ್ಲೂ ನಿಜವಾಗಿ ಇರಬೇಕು.

ಜೂನಿಪರ್‌ನಲ್ಲಿ ಎರಡು ರೂಟಿಂಗ್ ಎಂಜಿನ್ (ಸೂಪರ್‌ವೈಸರಿನಂಥದ್ದೇ ಕಾರ್ಡು) ಹಾಕಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಗ್ರೇಸ್‌ಫುಲ್ ಸ್ವಿಚ್‌ಓವರ್ ಆನ್ ಮಾಡಬೇಕು, ನಾನ್‌ಸ್ಟಾಪ್ ರೂಟಿಂಗ್, ನಾನ್‌ಸ್ಟಾಪ್ ಬ್ರಿಡ್ಜಿಂಗ್ ಸೇರಿಸಬೇಕು, ಕಮಿಟ್ ಸಿಂಕ್ರೊನೈಸ್ ಕೂಡ. ಈ ಕೊನೆಯದನ್ನು ಮರೆತರೆ ಎರಡನೆಯ ಎಂಜಿನ್ ಹಳೆಯ ಕಾನ್ಫಿಗರೇಶನ್ ಹಿಡಿದುಕೊಂಡು ಕೂತಿರುತ್ತದೆ.

ಪಕ್ಕದ ಸ್ವಿಚ್ಚುಗಳ ಟೈಮರ್ ಕೂಡ ನೋಡಿ. ಹಲವು ಲಿಂಕ್‌ಗಳನ್ನು ಒಂದಾಗಿ ಕಟ್ಟುವ ಎಲ್‌ಎಸಿಪಿಯನ್ನು ಫಾಸ್ಟ್ ಎಂದಿಟ್ಟರೆ 3 ಸೆಕೆಂಡ್ ಸುದ್ದಿಯಿಲ್ಲದಿದ್ದರೆ ಲಿಂಕ್ ಬಿಡುತ್ತದೆ. ಸ್ಲೋ ಆದರೆ 90 ಸೆಕೆಂಡ್. ದಾರಿ ಹುಡುಕುವ ರೂಟಿಂಗ್ ಪ್ರೋಟೋಕಾಲ್ ಆದ ಓಎಸ್‌ಪಿಎಫ್‌ನ ಹಲೋ 10, ಡೆಡ್ 40 ಸೆಕೆಂಡ್ ಹಾಗೇ ಬಿಟ್ಟು ಗ್ರೇಸ್‌ಫುಲ್ ರೀಸ್ಟಾರ್ಟ್ ಆನ್ ಮಾಡಿದರೆ ಸಾಕು. ಬೇಗ ಗೊತ್ತಾಗಲಿ ಎಂದು ಬಿಗಿ ಮಾಡಿದ ಟೈಮರುಗಳು ಸೂಪರ್‌ವೈಸರ್ ಬದಲಾಗುವ ಮೊದಲೇ ನೆರೆಯ ಸಂಬಂಧ ಕಡಿದುಹಾಕುತ್ತವೆ.

ಎಳೆದು ನೋಡುವುದು

ವರ್ಷಕ್ಕೆ ಎರಡು ಬಾರಿ, ಬೇಸಿಗೆಗೆ ಮುಂಚೆ ಫೆಬ್ರವರಿಯಲ್ಲಿ ಮತ್ತು ದೀಪಾವಳಿ ಆದಮೇಲೆ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಬಿಡುವು ಕೇಳಿ. ಆಸ್ಪತ್ರೆಯಾದರೆ ಲ್ಯಾಬ್ ಮತ್ತು ಬಿಲ್ಲಿಂಗ್‌ನವರಿಗೆ ಹಿಂದಿನ ದಿನವೇ ಹೇಳಿ.

1. ಕಾನ್ಫಿಗರೇಶನ್ ಉಳಿಸಿ, ಹೊರಗಿನ ಲ್ಯಾಪ್‌ಟಾಪಿಗೆ ಒಂದು ಪ್ರತಿ ತೆಗೆಯಿರಿ. ಮಾಡ್ಯೂಲ್, ಪವರ್, ಎನ್ವಿರಾನ್‌ಮೆಂಟ್, ರಿಡಂಡೆನ್ಸಿ ಔಟ್‌ಪುಟ್ ಉಳಿಸಿ. ಈಗಾಗಲೇ ಯಾವುದಾದರೂ ಅಲಾರಂ ಇದ್ದರೆ ಇಲ್ಲಿಗೇ ನಿಲ್ಲಿಸಿ, ಅದನ್ನು ಸರಿಪಡಿಸಿದ ಮೇಲೆ ಬನ್ನಿ.

2. ಎರಡು ಸೂಪರ್‌ವೈಸರಿಗೂ ಕನ್ಸೋಲ್ ಕೇಬಲ್ ಹಾಕಿ. ಬೇರೆ ಕಟ್ಟಡದ ಕಂಪ್ಯೂಟರ್‌ನಿಂದ ಸರ್ವರಿಗೆ ನಿರಂತರ ಪಿಂಗ್ ಓಡಲಿ.

3. ಎ ಲೈನಿನ ಎಂಸಿಬಿ ಇಳಿಸಿ. ಎರಡು ನಿಮಿಷ ಕಾಯಿರಿ. ಎಸ್ಸೆಮ್ಮೆಸ್ ಬಂತೇ, ಎಷ್ಟು ಸೆಕೆಂಡಿಗೆ ಬಂತು, ಬಿ ಯುಪಿಎಸ್ ಎಷ್ಟು ಶೇಕಡ ತೋರಿಸುತ್ತಿದೆ ಬರೆಯಿರಿ. ಪಿಓಇ ಕಾರ್ಡ್ ಒಂದಾದರೂ ಆಫ್ ಆಯಿತೇ ನೋಡಿ. ಎಂಸಿಬಿ ಏರಿಸಿ, ಸಪ್ಲೈ ದೀಪ ಹಸಿರಾಗುವವರೆಗೂ ಬಿ ಮುಟ್ಟಬೇಡಿ. ಆಮೇಲೆ ಬಿ ಲೈನಿಗೂ ಇದೇ.

4. ಸ್ಟ್ಯಾಂಡ್‌ಬೈ ಹಾಟ್ ಎಂದು ಖಚಿತಪಡಿಸಿಕೊಂಡು ಸೂಪರ್‌ವೈಸರ್ ಬದಲಿಸಿ. ಸಿಸ್ಕೋದಲ್ಲಿ ‘ರಿಡಂಡೆನ್ಸಿ ಫೋರ್ಸ್-ಸ್ವಿಚ್‌ಓವರ್’, ಜೂನಿಪರ್‌ನಲ್ಲಿ ‘ರಿಕ್ವೆಸ್ಟ್ ಚಾಸಿ ರೂಟಿಂಗ್-ಎಂಜಿನ್ ಮಾಸ್ಟರ್ ಸ್ವಿಚ್’. ಎಷ್ಟು ಪಿಂಗ್ ಬಿತ್ತು ಎಣಿಸಿ.

5. ಹಳೆಯ ಆಕ್ಟಿವ್ ಕಾರ್ಡ್ ಮತ್ತೆ ಬೂಟ್ ಆಗಿ ಹಾಟ್ ಆಗುವವರೆಗೆ ಕಾಯಿರಿ. ಅವಸರಪಟ್ಟು ಅದಕ್ಕೆ ಮುಂಚೆ ವಾಪಸ್ ಬದಲಿಸಲು ಹೋದರೆ ವಹಿಸಿಕೊಳ್ಳಲು ಆ ಕಡೆ ಯಾರೂ ಇರುವುದಿಲ್ಲ, ಪೆಟ್ಟಿಗೆ ಪೂರ್ತಿ ರೀಬೂಟ್ ಆಗಬಹುದು.

ಪರೀಕ್ಷೆಗೆಂದು ಫ್ಯಾನ್ ಟ್ರೇ ಎಳೆಯುವುದು ಬೇಡ. ಅದರಿಂದ ತಿಳಿಯುವುದು ಏನೂ ಇಲ್ಲ.

ಬಿಡಿಭಾಗ

ಬೆಂಗಳೂರಿನಿಂದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸುಮಾರು 60–70 ಕಿ.ಮೀ. ರಸ್ತೆ ಚೆನ್ನಾಗಿದ್ದರೂ ಗೋದಾಮಿನಿಂದ ಹೊರಟ ಪೆಟ್ಟಿಗೆ ಊರಿನ ಟ್ರಾಫಿಕ್ ದಾಟಿ ಬರಬೇಕು. ನಾಲ್ಕು ಗಂಟೆಯಲ್ಲಿ ಭಾಗ ಕೊಡುತ್ತೇವೆ ಎನ್ನುವ ಸರ್ವಿಸ್ ಒಪ್ಪಂದ ನಿಮ್ಮ ಪಿನ್‌ಕೋಡಿಗೆ ಅನ್ವಯವಾಗುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಬರಹದಲ್ಲಿ ಕೇಳಿ. ಹಲವೆಡೆ ಅದು ಮರುದಿನಕ್ಕೆ ಜಾರಿರುತ್ತದೆ. ಒಂದು ಪವರ್ ಸಪ್ಲೈ, ಒಂದು ಫ್ಯಾನ್ ಟ್ರೇ, ಎರಡು ಪವರ್ ಕೇಬಲ್, ಅಪ್‌ಲಿಂಕಿನ ಫೈಬರ್ ಸಿಕ್ಕಿಸುವ ಎರಡು ಎಸ್‌ಎಫ್‌ಪಿ ನಿಮ್ಮ ಬೀರುವಿನಲ್ಲೇ ಇರಲಿ. ಸ್ಪೇರ್ ಸೂಪರ್‌ವೈಸರ್ ಕೂಡ ಇಟ್ಟಿದ್ದರೆ ಕೋರ್ ಸ್ವಿಚ್ಚಿನ ಸಾಫ್ಟ್‌ವೇರ್ ಏರಿಸಿದ ಅದೇ ದಿನ ಅದಕ್ಕೂ ಅದೇ ಇಮೇಜ್ ಹಾಕಿ, ಆವೃತ್ತಿ ಮತ್ತು ತಾರೀಖನ್ನು ಆಂಟಿಸ್ಟ್ಯಾಟಿಕ್ ಕವರಿನ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ.